4 ಕೆಬಿಯ ಜಗಳ: ಲಿನಕ್ಸ್ ಹತ್ತು ವರ್ಷ ಮುಗ್ಗರಿಸಿದ ಕಥೆ

ನಿಮ್ಮ ಕೈಲಿರುವುದು ಆಂಡ್ರಾಯ್ಡ್ ಫೋನಾದರೆ ಅದರೊಳಗೆ ಲಿನಕ್ಸ್ ಕರ್ನೆಲ್ ಇದೆ. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬ ಹುಡುಗ 1991ರಲ್ಲಿ ಶುರು ಮಾಡಿದ ಕೆಲಸ ಅದು. ಕರ್ನೆಲ್ ಅಂದರೆ ತಿರುಳು. ಯಾವ ಆ್ಯಪ್‌ಗೆ ಎಷ್ಟು ಮೆಮೊರಿ ಕೊಡಬೇಕು, ತೆಗೆದ ಫೋಟೊ ಯಾವ ಮೂಲೆಯಲ್ಲಿ ಕೂರಬೇಕು, ಎಲ್ಲ ಅದರದೇ ಕಾರುಬಾರು. ಆ್ಯಪ್ ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಕರ್ನೆಲ್ ಕೆಟ್ಟರೆ ಇಡೀ ಯಂತ್ರವೇ ನಿಂತುಬಿಡುತ್ತದೆ.

ಈ ಸಲ ನಾವು ಹೇಳಹೊರಟಿರುವುದು ಆ ತಿರುಳೇ ಆಗಾಗ ಬಿದ್ದು ಸಾಯುತ್ತಿದ್ದ ಕಾಲದ ಕಥೆ. 2004ರಿಂದ 2014ರವರೆಗೆ ಎಳೆದುಕೊಂಡು ಹೋದ ಕಥೆ. ಜಗಳ ಇದ್ದದ್ದು ಒಂದು ಸೆಟ್ಟಿಂಗ್ ಬಗ್ಗೆ: ಕರ್ನೆಲ್ ಒಳಗಿನ ಒಂದೊಂದು ಕೆಲಸಕ್ಕೂ 4 ಕೆಬಿ ಜಾಗ ಸಾಕೋ, 8 ಕೆಬಿ ಬೇಕೋ?

4 ಕೆಬಿ ಅಂದರೆ 4096 ಬೈಟ್. ಎಷ್ಟು ಸಣ್ಣದು ಗೊತ್ತೇ? ಫೋನಿನಲ್ಲಿ ಕನ್ನಡದ ಅಕ್ಷರ, ಒತ್ತು, ಗುಣಿತದ ಗುರುತು ಒಂದೊಂದಕ್ಕೂ ಮೂರು ಬೈಟ್ ಬೇಕು. ನೀವು ಓದುತ್ತಿರುವ ಈ ಬರಹದ ಕಾಲು ಭಾಗವೂ ಅಷ್ಟರಲ್ಲಿ ಹಿಡಿಸುವುದಿಲ್ಲ. ಇಷ್ಟು ಜಾಗಕ್ಕಾಗಿ ದೊಡ್ಡ ದೊಡ್ಡ ತಲೆಗಳು ಹತ್ತು ವರ್ಷ ಕಿತ್ತಾಡಿದ್ದು ಯಾಕೆ?

ಮೊದಲು ಸ್ಟ್ಯಾಕ್ ಅಂದರೇನು ನೋಡೋಣ.

ತಾಲ್ಲೂಕು ಕಚೇರಿಗೆ ಪಹಣಿ ತಿದ್ದುಪಡಿಗೆ ಹೋಗಿದ್ದೀರಿ ಅಂದುಕೊಳ್ಳಿ. ಮೊದಲನೆಯವರು ಅರ್ಧ ಬರೆದು, ಇದಕ್ಕೆ ಸರ್ವೆಯವರ ವರದಿ ಬೇಕು ಎಂದು ಆ ಫೈಲನ್ನು ಮೇಜಿನ ಮೇಲಿಡುತ್ತಾರೆ. ಸರ್ವೆಯವರು ಅರ್ಧ ಬರೆದು, ಹಳೆಯ ನಕ್ಷೆ ಬೇಕು ಎಂದು ತಮ್ಮ ಫೈಲನ್ನು ಅದರ ಮೇಲಿಡುತ್ತಾರೆ. ನಕ್ಷೆಯವರು ಇನ್ನೊಂದನ್ನು. ಉತ್ತರ ಬಂದಂತೆ ಮೇಲಿನ ಫೈಲು ಮೊದಲು ಏಳುತ್ತದೆ, ತಳದ್ದು ಕೊನೆಗೆ. ಕಂಪ್ಯೂಟರಿನಲ್ಲೂ ಹೀಗೆಯೇ. ಒಂದು ಕೆಲಸ ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ಅರ್ಧಕ್ಕೆ ನಿಂತ ಲೆಕ್ಕಗಳೆಲ್ಲ ಒಂದರ ಮೇಲೊಂದು ಪೇರಿಸಿಕೊಂಡಿರುತ್ತವೆ. ಆ ಪೇರಿಕೆಯೇ ಸ್ಟ್ಯಾಕ್.

ಸಾಮಾನ್ಯ ಪ್ರೋಗ್ರಾಂಗಳಿಗೆ ಲಿನಕ್ಸ್ ಧಾರಾಳ ಕೈಯಿಂದ 8 ಎಂಬಿವರೆಗೆ ಸ್ಟ್ಯಾಕ್ ಕೊಡುತ್ತದೆ. ಬೇಕಾದಂತೆ ಬೆಳೆಯುತ್ತದೆ ಕೂಡ. ತನ್ನದೇ ಕೆಲಸಕ್ಕೆ ಮಾತ್ರ ಅದು ಕಡು ಜಿಪುಣ. ಕರ್ನೆಲ್ ಸ್ಟ್ಯಾಕ್ ಬೆಳೆಯುವುದಿಲ್ಲ, ಕೊಟ್ಟಷ್ಟೇ. ಯಂತ್ರದಲ್ಲಿ ನಡೆಯುವ ಪ್ರತಿ ಕೆಲಸದ ಎಳೆಗೂ, ಅದನ್ನು ಥ್ರೆಡ್ ಅನ್ನುತ್ತಾರೆ, ಒಂದೊಂದು ಕರ್ನೆಲ್ ಸ್ಟ್ಯಾಕ್ ಮೀಸಲು. ಹತ್ತು ಸಾವಿರ ಥ್ರೆಡ್ ಇದ್ದರೆ ಹತ್ತು ಸಾವಿರ ಸ್ಟ್ಯಾಕ್.

ಬಸ್ಸಿನಲ್ಲಿ ಜೋಡಿ ಸೀಟು

ಮೊದಲು ಇಂಟೆಲ್ ಮಾದರಿಯ 32 ಬಿಟ್ ಯಂತ್ರಗಳಲ್ಲಿ ಈ ಸ್ಟ್ಯಾಕ್ 8 ಕೆಬಿ ಇತ್ತು. ಆ ಯಂತ್ರಗಳು ಮೆಮೊರಿಯನ್ನು 4 ಕೆಬಿಯ ಪುಟಗಳಾಗಿ ಹಂಚುತ್ತವೆ. ಹಾಗಾಗಿ 8 ಕೆಬಿ ಬೇಕೆಂದರೆ ಪಕ್ಕಪಕ್ಕದ ಎರಡು ಪುಟ ಖಾಲಿ ಸಿಗಬೇಕು.

ಸಂತೆ ದಿನದ ಬಸ್ಸು ಹತ್ತಿದವರಿಗೆ ಇದರ ಕಷ್ಟ ಗೊತ್ತು. ಹತ್ತು ಸೀಟು ಖಾಲಿ ಇರುತ್ತವೆ, ಆದರೆ ಅಲ್ಲೊಂದು ಇಲ್ಲೊಂದು. ಗಂಡ ಹೆಂಡತಿ ಜೊತೆಗೆ ಕೂರಲು ಜೋಡಿ ಸೀಟು ಸಿಗುವುದಿಲ್ಲ. ದಿನಗಟ್ಟಲೆ ಓಡಿದ ಸರ್ವರ್‌ನ ಮೆಮೊರಿಯೂ ಹಾಗೇ ಆಗುತ್ತದೆ. ಜಾಗ ಬೇಕಾದಷ್ಟಿದೆ, ಜೋಡಿ ಪುಟ ಇಲ್ಲ. ಆಗ ಹೊಸ ಥ್ರೆಡ್ ಹುಟ್ಟುವುದೇ ಇಲ್ಲ.

ಇನ್ನೊಂದು ತೊಡಕೂ ಇತ್ತು. 32 ಬಿಟ್ ಯಂತ್ರಕ್ಕೆ ನೀವು 4 ಜಿಬಿ ರ್‍ಯಾಮ್ ಹಾಕಿದರೂ ಕರ್ನೆಲ್ ನೇರವಾಗಿ ಕೈ ಹಾಕಬಹುದಾದದ್ದು ಸುಮಾರು 896 ಎಂಬಿ ಮಾತ್ರ. ಹತ್ತು ಸಾವಿರ ಥ್ರೆಡ್ಡಿಗೆ 8 ಕೆಬಿಯಂತೆ ಸುಮಾರು 80 ಎಂಬಿ ಅದರಲ್ಲೇ ಹೋಗುತ್ತದೆ. ಸ್ಟ್ಯಾಕನ್ನು 4 ಕೆಬಿಗೆ ಇಳಿಸಿದರೆ ಅರ್ಧ ಉಳಿತಾಯ, ಜೋಡಿ ಸೀಟಿನ ತಾಪತ್ರಯವೂ ಇಲ್ಲ.

2004ರ ಮೇ ತಿಂಗಳಲ್ಲಿ ಬಂದ 2.6.6 ಆವೃತ್ತಿಯಲ್ಲಿ 4 ಕೆಬಿ ಸ್ಟ್ಯಾಕ್ ಎಂಬ ಆಯ್ಕೆ ಸೇರಿತು. ಅದೇ ತಿಂಗಳು ಹೊರಬಂದ ಫೆಡೋರಾ ಕೋರ್ 2 ಅದನ್ನು ಬಳಸಿಯೇ ಬಂತು. ಆಗ ರೆಡ್ ಹ್ಯಾಟ್ ಕಂಪನಿಯಲ್ಲಿದ್ದ ಆರ್ಯನ್ ವಾನ್ ಡೆ ವೆನ್ ಇದರ ಪರವಾಗಿ ಮುಂದೆ ನಿಂತು ವಾದಿಸಿದವರು. ಅವರ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ಹಳೆಯ 8 ಕೆಬಿಯಲ್ಲಿ ಇಂಟರಪ್ಟ್‌ಗಳೂ ಪಾಲು ಕೇಳುತ್ತಿದ್ದವು. ಡಿಸ್ಕೋ ನೆಟ್‌ವರ್ಕ್ ಕಾರ್ಡೋ ‘ನನ್ನ ಮಾತು ಈಗಲೇ ಕೇಳು’ ಎಂದು ನಡುವೆ ನುಗ್ಗುತ್ತದಲ್ಲ, ಅದೇ ಇಂಟರಪ್ಟ್. ಹೊಸ ಏರ್ಪಾಡಿನಲ್ಲಿ ಅವಕ್ಕೆ ಬೇರೆಯೇ ಸ್ಟ್ಯಾಕ್ ಕೊಟ್ಟರು. ಹಾಗಾಗಿ ಅರ್ಧಕ್ಕರ್ಧ ಕಡಿತ ಎಂದು ಕಂಡರೂ ನಿಜವಾದ ಕಡಿತ ಅಷ್ಟಿರಲಿಲ್ಲ.

ಲೆಕ್ಕ ಚೆನ್ನಾಗಿಯೇ ಇತ್ತು. ಆದರೆ ಎಲ್ಲರ ಮನೆಯ ಫೈಲುಗಳ ರಾಶಿ ಒಂದೇ ಎತ್ತರ ಇರುವುದಿಲ್ಲ.

ಡೈನೋಸಾರ್ ಯಂತ್ರದಿಂದ ಬಂದ ಫೈಲ್‌ಸಿಸ್ಟಂ

ಮೊದಲು ಏಟು ತಿಂದವರು ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಂಡವರು. ಕಂಪನಿ ಕೊಟ್ಟಿದ್ದ ಡ್ರೈವರ್ 4 ಕೆಬಿಯಲ್ಲಿ ಹಿಡಿಸಲಿಲ್ಲ. ವಿಂಡೋಸ್‌ಗೆ ಬರೆದ ವೈಫೈ ಡ್ರೈವರ್‌ಗಳನ್ನು ಎನ್‌ಡಿಐಎಸ್‌ರ್‍ಯಾಪರ್ ಎಂಬ ಉಪಾಯದಿಂದ ಲಿನಕ್ಸ್‌ನಲ್ಲಿ ಓಡಿಸುತ್ತಿದ್ದವರಿಗೂ ಅದೇ ಪಾಡು. ವಿಂಡೋಸ್ ತನ್ನ ಡ್ರೈವರ್‌ಗಳಿಗೆ 12 ಕೆಬಿ ಕೊಡುತ್ತಿತ್ತು. ಅಲ್ಲಿ ಕಾಲು ಚಾಚಿ ಬೆಳೆದವು ಇಲ್ಲಿ ಹೇಗೆ ಮುದುಡಿ ಕೂರಬೇಕು?

ಇವೆರಡೂ ಹೊರಗಿನವು, ‘ಅದು ನಮ್ಮ ತಪ್ಪಲ್ಲ’ ಎಂದು ಕರ್ನೆಲ್ ಮಂದಿ ಕೈ ತೊಳೆದುಕೊಳ್ಳಬಹುದಿತ್ತು. ಎಕ್ಸ್‌ಎಫ್‌ಎಸ್ ವಿಷಯದಲ್ಲಿ ಹಾಗಾಗಲಿಲ್ಲ. ಅದು ಒಳಗಿನವರದೇ ಮಗು.

ಎಕ್ಸ್‌ಎಫ್‌ಎಸ್ ಒಂದು ಫೈಲ್‌ಸಿಸ್ಟಂ. ಡಿಸ್ಕಿನ ಮೇಲೆ ಯಾವ ಫೈಲು ಎಲ್ಲಿದೆ, ಎಲ್ಲಿ ಖಾಲಿ ಇದೆ ಎಂಬ ಪಹಣಿ ಇಟ್ಟುಕೊಳ್ಳುವ ವ್ಯವಸ್ಥೆ. ಅಮೆರಿಕದ ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ಇದನ್ನು 1993ರಲ್ಲಿ ಕಟ್ಟಲು ಶುರು ಮಾಡಿ ಮರುವರ್ಷ ತನ್ನ ಐರಿಕ್ಸ್ ಎಂಬ ವ್ಯವಸ್ಥೆಯ ಜೊತೆ ಹೊರತಂದಿತು. ‘ಜುರಾಸಿಕ್ ಪಾರ್ಕ್’ ಸಿನಿಮಾದ ಡೈನೋಸಾರ್‌ಗಳು ಮೂಡಿದ್ದು ಇದೇ ಕಂಪನಿಯ ಯಂತ್ರಗಳ ಮೇಲೆ. ದೊಡ್ಡ ಡಿಸ್ಕು, ದೊಡ್ಡ ಫೈಲು, ಸುರಿಯುವ ಡೇಟಾ, ಎಲ್ಲಕ್ಕೂ ಹೇಳಿ ಮಾಡಿಸಿದ ಫೈಲ್‌ಸಿಸ್ಟಂ. ಕಂಪನಿ 2000ದ ಹೊತ್ತಿಗೆ ಅದರ ಕೋಡನ್ನು ಎಲ್ಲರಿಗೂ ತೆರೆದಿಟ್ಟಿತು. 2002ರಲ್ಲಿ ಅದು ಲಿನಕ್ಸ್‌ನ ಮುಖ್ಯ ಕೋಡಿಗೆ ಸೇರಿತು.

ದೊಡ್ಡ ಮನೆಯಲ್ಲಿ ಬೆಳೆದದ್ದು ಸಣ್ಣ ಮನೆಗೆ ಬಂತು. ಅಲ್ಲಿಂದ ತಾಪತ್ರಯ ಶುರು.

ಎಕ್ಸ್‌ಎಫ್‌ಎಸ್‌ನ ಜಾಣತನ ಒಂದಿದೆ: ನೀವು ಬರೆದದ್ದನ್ನು ಅದು ತಕ್ಷಣ ಡಿಸ್ಕಿಗೆ ಹಾಕುವುದಿಲ್ಲ. ಮೆಮೊರಿಯಲ್ಲಿ ಇಟ್ಟುಕೊಂಡಿದ್ದು, ಕೊನೆ ಗಳಿಗೆಯಲ್ಲಿ, ಎಷ್ಟು ಸೇರಿದೆ ನೋಡಿ, ಒಟ್ಟಿಗೆ ಹಿಡಿಸುವ ಜಾಗ ಹುಡುಕುತ್ತದೆ. ಇದರಿಂದ ಫೈಲು ಚೂರುಚೂರಾಗುವುದಿಲ್ಲ. ಆದರೆ ಆ ಕೊನೆ ಗಳಿಗೆ ಯಾವಾಗ ಬರುತ್ತದೆ ಎನ್ನುವುದು ಅದರ ಕೈಲಿಲ್ಲ.

ಒಂದು ಸರ್ವರ್ ನೋಡಿ. ರಾತ್ರಿ ಬ್ಯಾಕಪ್ ನಡೆಯುತ್ತಿದೆ. ನೆಟ್‌ವರ್ಕ್ ಮೂಲಕ ಫೈಲು ಬರುತ್ತಿದೆ, ಎನ್‌ಎಫ್‌ಎಸ್ ಅದನ್ನು ಪಡೆಯುತ್ತಿದೆ. ಆ ಕೆಲಸ ನಡುವೆ ಮೆಮೊರಿ ಕೇಳುತ್ತದೆ. ಖಾಲಿ ಇಲ್ಲ. ‘ಬರೆಯದೆ ಉಳಿದದ್ದನ್ನು ಡಿಸ್ಕಿಗೆ ಹಾಕಿ ಜಾಗ ಮಾಡಿಕೋ’ ಎಂದು ಮೆಮೊರಿ ವಿಭಾಗ ಅದೇ ಕೆಲಸದ ಹೆಗಲಿಗೇ ಹೊರಿಸುತ್ತದೆ. ಈಗ ಎಕ್ಸ್‌ಎಫ್‌ಎಸ್ ಏಳಬೇಕು. ಅದು ಖಾಲಿ ಜಾಗದ ಪಟ್ಟಿ ತೆಗೆಯುತ್ತದೆ, ಪಟ್ಟಿ ಮರದ ಕೊಂಬೆಗಳಂತೆ ಕವಲೊಡೆದಿದೆ, ಒಂದು ಕೊಂಬೆ ತುಂಬಿದ್ದರೆ ಅದನ್ನು ಸೀಳಬೇಕು. ಡಿಸ್ಕಿಗೆ ಕಳಿಸಬೇಕೆಂದರೆ ನಡುವೆ ಎಲ್‌ವಿಎಂ ಎಂಬ ಪದರ, ಅದರ ಕೆಳಗೆ ಹಲವು ಡಿಸ್ಕು ಸೇರಿಸಿದ ರೇಡ್ ಪದರ, ಅದರ ಕೆಳಗೆ ಡಿಸ್ಕಿನ ಡ್ರೈವರ್. ಇವಿಷ್ಟರ ಅರ್ಧ ಬರೆದ ಫೈಲುಗಳೂ ಆ ಒಂದೇ 4 ಕೆಬಿ ಮೇಜಿನ ಮೇಲೆ!

ಒಬ್ಬೊಬ್ಬರನ್ನೂ ಬೇರೆಯಾಗಿ ಕೇಳಿದರೆ ಯಾರದೂ ತಪ್ಪಿಲ್ಲ. ಒಬ್ಬರು ಇನ್ನೂರು ಬೈಟ್, ಇನ್ನೊಬ್ಬರು ಮುನ್ನೂರು. ಎಲ್ಲರೂ ಸೇರಿದಾಗ ಮೇಜು ಮುಗಿದಿರುತ್ತಿತ್ತು.

ಬಾಂದು ಕಲ್ಲಿಲ್ಲದ ಒತ್ತುವರಿ

ಮೇಜು ಮುಗಿದರೆ ಏನಾಗಬೇಕು? ‘ಜಾಗ ಇಲ್ಲ’ ಎಂದು ಯಂತ್ರ ಕೂಗಬೇಕು. ಕೂಗುತ್ತಿರಲಿಲ್ಲ. ನಮ್ಮ ಪ್ರಕಾರ ಇಡೀ ಕಥೆಯ ದೊಡ್ಡ ಕೆಡುಕು ಇದೇ, 4 ಕೆಬಿಗಿಂತ ದೊಡ್ಡದು.

ಸ್ಟ್ಯಾಕ್ ಮೇಲಿನಿಂದ ಕೆಳಕ್ಕೆ ಬೆಳೆಯುತ್ತದೆ. ಅದರ ತಳದಲ್ಲಿ ಒಂದು ಸಣ್ಣ ಟಿಪ್ಪಣಿ ಇರುತ್ತಿತ್ತು: ಈ ಕೆಲಸ ಯಾರದ್ದು, ಯಾವ ಪ್ರೊಸೆಸರ್ ಮೇಲೆ ಓಡುತ್ತಿದೆ ಇತ್ಯಾದಿ. ಸ್ಟ್ಯಾಕ್ ಮಿತಿ ಮೀರಿದರೆ ಮೊದಲು ಅದೇ ಅಳಿಸಿಹೋಗುತ್ತಿತ್ತು. ಇನ್ನೂ ಮುಂದೆ ಹೋದರೆ ಪಕ್ಕದ ಪುಟ. ಅದು ಯಾರದಾದರೂ ಆಗಿರಬಹುದು. ಬಾಂದು ಕಲ್ಲಿಲ್ಲದ ಹೊಲದಲ್ಲಿ ಪಕ್ಕದವರು ಬದು ಒಡೆದು ಉತ್ತ ಹಾಗೆ, ಒತ್ತುವರಿಯಾದದ್ದು ಆ ದಿನ ಯಾರಿಗೂ ಕಾಣುವುದಿಲ್ಲ. ಕೊಯ್ಲಿಗೆ ಹೋದಾಗ ಕಾಣುತ್ತದೆ.

ಹಾಗಾಗಿ ಯಂತ್ರ ಸಾಯುತ್ತಿದ್ದದ್ದು ತಪ್ಪಾದ ಜಾಗದಲ್ಲಲ್ಲ, ಎಷ್ಟೋ ಹೊತ್ತಿನ ನಂತರ ಇನ್ನೆಲ್ಲೋ. ಇವತ್ತು ನೆಟ್‌ವರ್ಕ್ ಕೋಡಿನಲ್ಲಿ ಬಿದ್ದರೆ ನಾಳೆ ಕೀಬೋರ್ಡ್ ಕೋಡಿನಲ್ಲಿ. ಪ್ರತಿ ಸಲ ಬೇರೆ ಕಡೆ ಬೀಳುವುದು ಕಂಡರೆ ಯಾರಿಗಾದರೂ ಮೊದಲು ಅನುಮಾನ ಬರುವುದು ರ್‍ಯಾಮ್ ಮೇಲೆ. ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸು, ಏನೂ ಸಿಗುವುದಿಲ್ಲ. ಆದರೂ ಇರಲಿ ಎಂದು ರ್‍ಯಾಮ್ ಬದಲಿಸು. ಮತ್ತೆ ಬ್ಯಾಕಪ್ ಹೊತ್ತಿಗೆ ಯಂತ್ರ ಮಲಗಿರುತ್ತದೆ.

ಸಾಕ್ಷಿ ಹಿಡಿಯುವುದೂ ಸುಲಭವಲ್ಲ. ಕರ್ನೆಲ್ ಎಡವಿದಾಗ ಪರದೆ ಮೇಲೆ ‘ಊಪ್ಸ್’ ಎಂಬ ಸಂದೇಶ ಬರುತ್ತದೆ. ನಮ್ಮ ‘ಅಯ್ಯೋ’ ಇದ್ದಂತೆ, ಹೆಸರೇ ಹಾಗೆ. ಅದರ ಕೆಳಗೆ ಯಾರು ಯಾರನ್ನು ಕರೆದರು ಎಂಬ ಉದ್ದ ಪಟ್ಟಿ. ಈ ಪಟ್ಟಿಯನ್ನು ಡಿಸ್ಕಿನ ಲಾಗ್ ಫೈಲಿಗೆ ಬರೆಯಬೇಕಾದದ್ದು ಫೈಲ್‌ಸಿಸ್ಟಂ. ಈಗ ಬಿದ್ದಿರುವುದೂ ಅದೇ. ಸತ್ತವನೇ ಎದ್ದು ತನ್ನ ಪೋಸ್ಟ್‌ಮಾರ್ಟಂ ವರದಿ ಬರೆಯಬೇಕು ಅಂದಂತಾಯಿತು. ಹಾಗಾಗಿ ಜನ ಕ್ಯಾಮೆರಾದಲ್ಲಿ ಪರದೆಯ ಫೋಟೊ ತೆಗೆದರು. ಕೆಲವರು ಸೀರಿಯಲ್ ಕೇಬಲ್ ಎಳೆದು ಪಕ್ಕದ ಕಂಪ್ಯೂಟರಿನಲ್ಲಿ ಸಂದೇಶ ಹಿಡಿದರು. ನೆಟ್‌ಕನ್ಸೋಲ್ ಎಂಬ ಸಾಧನ ಕೊನೆಯುಸಿರಿನ ಮಾತನ್ನು ನೆಟ್‌ವರ್ಕ್ ಮೂಲಕ ಹೊರಗೆ ದಾಟಿಸುತ್ತಿತ್ತು.

ಪಟ್ಟಿ ಕೈಗೆ ಸಿಕ್ಕಮೇಲೆ ಅನುಭವಸ್ಥರು ನೋಡುತ್ತಿದ್ದದ್ದು ಕೊನೆಯ ಸಾಲನ್ನಲ್ಲ, ಉದ್ದವನ್ನು. ಮೂವತ್ತು ನಲವತ್ತು ಹೆಸರುಗಳ ಸರಪಳಿಯಲ್ಲಿ ಎಕ್ಸ್‌ಎಫ್‌ಎಸ್, ರೇಡ್, ಎನ್‌ಎಫ್‌ಎಸ್ ಮೂರೂ ಕಂಡರೆ ಅರ್ಧ ಉತ್ತರ ಸಿಕ್ಕಿತು. ಮುಂದಿನ ಪ್ರಶ್ನೆ: ನಿಮ್ಮ ಕರ್ನೆಲ್ 4 ಕೆಬಿಯದೋ? ಡ್ರೈವರ್ ಮಾಡ್ಯೂಲ್‌ಗಳ ಮೇಲೆ ಅಚ್ಚಾಗಿರುವ ಆವೃತ್ತಿಯ ಗುರುತಿನಲ್ಲೇ ‘4ಕೆಸ್ಟ್ಯಾಕ್ಸ್’ ಎಂಬ ಪದ ಸೇರಿರುತ್ತಿತ್ತು, ಅದನ್ನು ನೋಡಿದರೆ ಗೊತ್ತಾಗುತ್ತಿತ್ತು. ಸ್ಟ್ಯಾಕ್ ತುಂಬುತ್ತಾ ಬಂದಾಗ ಎಚ್ಚರಿಸುವ ಆಯ್ಕೆಯನ್ನೂ ಹಾಕಿಕೊಳ್ಳಬಹುದಿತ್ತು, ಆದರೆ ಅದು ಇಂಟರಪ್ಟ್ ಬಂದ ಗಳಿಗೆಯಲ್ಲಿ ಮಾತ್ರ ಇಣುಕಿ ನೋಡುತ್ತಿತ್ತು. ಕೊನೆಗೆ ಮದ್ದು ಒಂದೇ: 8 ಕೆಬಿ ಇಟ್ಟು ಕರ್ನೆಲನ್ನು ಮತ್ತೆ ಕಟ್ಟು.

ಇಷ್ಟರಲ್ಲಿ ಕಳೆದುಕೊಂಡವರು ಕಳೆದುಕೊಂಡಾಗಿತ್ತು. ಆ ಕಾಲದ ಎಕ್ಸ್‌ಎಫ್‌ಎಸ್‌ನಲ್ಲಿ ಯಂತ್ರ ದಿಢೀರನೆ ಬಿದ್ದರೆ, ಆಗಷ್ಟೇ ಬರೆದ ಫೈಲಿನ ಉದ್ದ ಸರಿಯಾಗಿದ್ದು, ತೆರೆದರೆ ಒಳಗೆ ಬರೀ ಸೊನ್ನೆಗಳಿರುವುದು ಕುಖ್ಯಾತ ಸಂಗತಿ. ಫೈಲಿನ ಗಾತ್ರ ಡಿಸ್ಕಿನ ಲೆಕ್ಕಕ್ಕೆ ಸೇರಿರುತ್ತಿತ್ತು, ಒಳಗಿನ ಬರಹ ಇನ್ನೂ ಮೆಮೊರಿಯಲ್ಲೇ ಕೂತಿರುತ್ತಿತ್ತು. 2007ರಲ್ಲಿ ಅದನ್ನು ಸರಿಪಡಿಸಿದರು.

ಬಡಿದಾಟ

2005ರಲ್ಲಿ 8 ಕೆಬಿಯನ್ನು ಪೂರ್ತಿ ತೆಗೆದುಹಾಕಿ 4 ಕೆಬಿ ಒಂದನ್ನೇ ಉಳಿಸೋಣ ಎಂಬ ಪ್ರಸ್ತಾಪ ಬಂತು. ಗಲಾಟೆಯಾಗಿ ನಿಂತಿತು. 2008ರ ಏಪ್ರಿಲ್‌ನಲ್ಲಿ ಅದನ್ನು ಎಲ್ಲರಿಗೂ ಡೀಫಾಲ್ಟ್ ಮಾಡುವ ಯತ್ನ ನಡೆದಾಗ ಮತ್ತೆ ಗಲಾಟೆ, ಮತ್ತೆ ಹಿಂದೆ ಸರಿದರು.

ಪರ ನಿಂತವರ ಮಾತು: ಸ್ಟ್ಯಾಕ್ ಹೆಚ್ಚಿಸುತ್ತಾ ಹೋದರೆ ಬರೆಯುವವರು ಸೋಮಾರಿಗಳಾಗುತ್ತಾರೆ, ಎಷ್ಟು ಕೊಟ್ಟರೂ ಸಾಲದು. ವಿರೋಧಿಸಿದವರ ಮಾತು: ಹತ್ತಾರು ಸಾವಿರ ಥ್ರೆಡ್ ಓಡಿಸುವವರು ಬೆರಳೆಣಿಕೆಯಷ್ಟು, ಅವರ ಉಳಿತಾಯಕ್ಕೆ ಉಳಿದವರ ಡೇಟಾ ಯಾಕೆ ಪಣಕ್ಕೆ? ನಮಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಆದರೆ ಮೊದಲನೆಯವರ ಮಾತೂ ಪೊಳ್ಳಲ್ಲ, ಯಾಕೆಂದರೆ ಆ ಒತ್ತಡದಿಂದಲೇ ಕೋಡು ತೆಳ್ಳಗಾಯಿತು.

ಎರಿಕ್ ಸ್ಯಾಂಡೀನ್ ಮುಂತಾದವರು ಎಕ್ಸ್‌ಎಫ್‌ಎಸ್ ಅನ್ನು ಪಥ್ಯಕ್ಕೆ ಹಾಕಿದರು. ಜಿಸಿಸಿ ಎಂಬ ಕಂಪೈಲರ್ ವೇಗದ ಆಸೆಗೆ ಸಣ್ಣ ಸಣ್ಣ ಕೆಲಸಗಳನ್ನು ಒಂದರೊಳಗೆ ಹೊಲಿದುಬಿಡುತ್ತಿತ್ತು. ಆಗ ಎಲ್ಲದರ ಜಾಗವೂ ಒಟ್ಟಿಗೇ ಬೇಕಾಗುತ್ತಿತ್ತು. ‘ಇದನ್ನು ಹೊಲಿಯಬೇಡ’ ಎಂಬ ಗುರುತನ್ನು ಕೋಡಿನುದ್ದಕ್ಕೂ ಹಾಕಿದರು. 2007ರಲ್ಲಿ ನೀಲ್ ಬ್ರೌನ್ ಡಿಸ್ಕಿನ ಪದರಗಳ ಕೆಲಸವನ್ನೇ ಬದಲಿಸಿದರು: ಒಂದು ಪದರ ಇನ್ನೊಂದರ ತಲೆ ಮೇಲೆ ಫೈಲು ಇಡುವ ಬದಲು, ಚೀಟಿ ಬರೆದು ಸಾಲಿನಲ್ಲಿಟ್ಟು ವಾಪಸ್ ಹೋಗುವುದು, ಸರದಿ ಬಂದಾಗ ಎತ್ತಿಕೊಳ್ಳುವುದು. ರಾಶಿಯ ಬದಲು ಕ್ಯೂ. ಎಷ್ಟು ಪದರ ಇದ್ದರೂ ಆ ಭಾಗದ ಎತ್ತರ ಏರದು. 2012ರಲ್ಲಿ ಎಕ್ಸ್‌ಎಫ್‌ಎಸ್ ಮಂದಿಯೂ ಜಾಗ ಹುಡುಕುವ ಭಾರದ ಕೆಲಸವನ್ನು ಬೇರೆ ಥ್ರೆಡ್ಡಿಗೆ, ಅಂದರೆ ಖಾಲಿ ಮೇಜಿಗೆ, ದಾಟಿಸಿದರು. ಮೆಮೊರಿ ಕೇಳಿದವನ ಹೆಗಲಿಗೇ ಫೈಲು ಬರೆಯುವ ಕೆಲಸ ಹೊರಿಸುವುದನ್ನೂ ಅಷ್ಟರಲ್ಲಿ ನಿಲ್ಲಿಸಲಾಗಿತ್ತು.

4 ಕೆಬಿ ಆಯ್ಕೆಯನ್ನು 2010ರಲ್ಲಿ ಕಿತ್ತುಹಾಕಿದರು. ಇಂಟರಪ್ಟ್‌ಗಳಿಗೆ ಬೇರೆ ಸ್ಟ್ಯಾಕ್ ಎಂಬ ಒಳ್ಳೆಯ ಭಾಗ ಮಾತ್ರ ಉಳಿಯಿತು. ಜಗಳ ಮುಗಿಯಿತು ಅಂದುಕೊಂಡಿರಾ? ಅಷ್ಟರಲ್ಲಿ ಜಗತ್ತು 64 ಬಿಟ್ಟಿಗೆ ದಾಟಿತ್ತು. ಅಲ್ಲಿ ವಿಳಾಸಗಳು ಎರಡು ಪಟ್ಟು ಉದ್ದ, ಸ್ಟ್ಯಾಕ್ ಮಾತ್ರ 8 ಕೆಬಿಯೇ. ಎಕ್ಸ್‌ಎಫ್‌ಎಸ್ ನೋಡಿಕೊಳ್ಳುತ್ತಿದ್ದ ಆಸ್ಟ್ರೇಲಿಯಾದ ಡೇವ್ ಚಿನ್ನರ್ ಇದು ಸಾಲದು ಎಂದು ವರ್ಷಗಟ್ಟಲೆ ಹೇಳುತ್ತಲೇ ಬಂದರು.

2014ರ ಮೇ ತಿಂಗಳಲ್ಲಿ ಕೊರಿಯಾದ ಮಿಂಚನ್ ಕಿಮ್ ಒಂದು ವರದಿ ಹಾಕಿದರು. ಮೆಮೊರಿಗೆ ಭಾರೀ ಒತ್ತಡ ಹಾಕಿ ಪರೀಕ್ಷಿಸುವಾಗ 3.14 ಕರ್ನೆಲ್ ಎಲ್ಲೆಂದರಲ್ಲಿ ಬೀಳುತ್ತಿತ್ತು. ಕಾರಣ ಅದೇ ಸ್ಟ್ಯಾಕ್. ಅಲ್ಲಿ ಇಲ್ಲಿ ಕತ್ತರಿಸಿ ನೂರಾರು ಬೈಟ್ ಉಳಿಸಿ ನೋಡಿದರು. ಇನ್ನೊಂದು ದಾರಿಯಿಂದ ಮತ್ತೆ ತುಂಬಿತು. ಯಾವ ಒಬ್ಬರನ್ನೂ ದೂರುವಂತಿರಲಿಲ್ಲ. ಟೋರ್ವಾಲ್ಡ್ಸ್ ಒಪ್ಪಿದರು. ಜೂನ್‌ನಲ್ಲಿ ಬಂದ 3.15 ಆವೃತ್ತಿಯಲ್ಲಿ 64 ಬಿಟ್ ಇಂಟೆಲ್ ಯಂತ್ರಗಳ ಕರ್ನೆಲ್ ಸ್ಟ್ಯಾಕ್ 16 ಕೆಬಿ ಆಯಿತು.

ಅಲ್ಲಿಗೆ ಜೋಡಿ ಸೀಟಿನ ಬದಲು ಪಕ್ಕಪಕ್ಕದ ನಾಲ್ಕು ಸೀಟು ಬೇಕಾಯಿತು. ಅದಕ್ಕೆ ಮದ್ದು ಬಂದದ್ದು 2016ರ ಡಿಸೆಂಬರ್‌ನ 4.9 ಆವೃತ್ತಿಯಲ್ಲಿ, ಆ್ಯಂಡಿ ಲುಟೊಮಿರ್ಸ್ಕಿ ಅವರಿಂದ. ಪುಟಗಳು ಎಲ್ಲೆಲ್ಲೋ ಚದುರಿದ್ದರೂ ವಿಳಾಸದ ಲೆಕ್ಕದಲ್ಲಿ ಒಂದೇ ಸಾಲಿನಲ್ಲಿವೆ ಎಂದು ಕಾಣಿಸುವ ಏರ್ಪಾಡು ಅದು. ಇನ್ನೂ ಮುಖ್ಯವಾಗಿ, ಸ್ಟ್ಯಾಕಿನ ಅಂಚಿನಲ್ಲಿ ಯಾರೂ ಮುಟ್ಟಬಾರದ ಒಂದು ಖಾಲಿ ಪುಟ ನೆಟ್ಟರು. ಕಾಲಿಟ್ಟ ಕ್ಷಣವೇ ಯಂತ್ರ ಕೂಗುತ್ತದೆ, ಕಾಲಿಟ್ಟವರ ಹೆಸರು ಹೇಳುತ್ತದೆ. ತಳದಲ್ಲಿದ್ದ ಆ ಸಣ್ಣ ಟಿಪ್ಪಣಿಯನ್ನೂ ಅಲ್ಲಿಂದ ಎಬ್ಬಿಸಿ ಬೇರೆ ಕಡೆ ಕೂರಿಸಿದರು.

ನಿಮ್ಮ ಫೋನಿನಲ್ಲಿ ಎಕ್ಸ್‌ಎಫ್‌ಎಸ್ ಇಲ್ಲ, ಸಾಮಾನ್ಯವಾಗಿ ಎಕ್ಸ್ಟ್4 ಅಥವಾ ಸ್ಯಾಮ್‌ಸಂಗ್ ಕಟ್ಟಿದ ಎಫ್2ಎಫ್ಎಸ್ ಇರುತ್ತದೆ. 64 ಬಿಟ್ ಫೋನುಗಳ ಕರ್ನೆಲ್ ಸ್ಟ್ಯಾಕ್ 16 ಕೆಬಿ. ಫೋನು ತಾನಾಗಿ ಆಫ್ ಆಗಿ ಆನ್ ಆದರೆ, ಕೊನೆಯ ಗಳಿಗೆಯ ಸಂದೇಶಗಳನ್ನು ಉಳಿಸಿಕೊಳ್ಳಲು ರ್‍ಯಾಮ್‌ನ ಒಂದು ಮೂಲೆಯನ್ನು ಮೀಸಲಿಟ್ಟಿರುವ ಫೋನುಗಳು ಬಹಳ ಇವೆ. ರಿಪೇರಿಯವರ ಬಳಿ ಹೋದಾಗ ‘ಸುಮ್ಮನೆ ಆಫ್ ಆಯಿತು’ ಅಂದರೆ ಸಾಲದು. ಆಗ ಏನು ನಡೆಯುತ್ತಿತ್ತು, ಚಾರ್ಜಿಗೆ ಹಾಕಿದ್ದಿರೋ, ವಿಡಿಯೊ ಕಾಪಿ ಮಾಡುತ್ತಿದ್ದಿರೋ, ಮೆಮೊರಿ ತುಂಬಿತ್ತೋ, ಅಷ್ಟನ್ನು ಹೇಳಿ.